ಶರಾವತಿ ಕಣಿವೆಯನ್ನು ಇನ್ನೊಮ್ಮೆ ಅಗೆಯಬೇಡಿ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಶರಾವತಿ ಪಂಪ್ಡ್ ಸ್ಟೋರೇಜ್ ಜಲವಿದ್ಯುತ್ ಯೋಜನೆಯನ್ನು ಕೈಬಿಡುವಂತೆ ಮನವಿ.

ಮಾನ್ಯರೇ,

ಹೊನ್ನಾವರ ತಾಲ್ಲೂಕಿನಲ್ಲಿ, ಗೇರುಸೊಪ್ಪದಿಂದ ಘಟ್ಟ ಹತ್ತುವ ದಾರಿಯ ಆಚೀಚೆ ಅಡಿಕೆ, ಕಾಳುಮೆಣಸು, ಒಂದಿಷ್ಟು ಗದ್ದೆ ನಂಬಿಕೊಂಡು ಬದುಕುವ ನಮ್ಮಂಥವರು ಸರ್ಕಾರಕ್ಕೆ ಅರ್ಜಿ ಬರೆಯುವುದು ಸಾಮಾನ್ಯವಾಗಿ ಕೊಳೆರೋಗದ ಪರಿಹಾರಕ್ಕೋ ಪಹಣಿಯ ತಿದ್ದುಪಡಿಗೋ ಆಗಿರುತ್ತದೆ. ಅಂಥ ಅರ್ಜಿಗೆ ಕಚೇರಿಯ ಟಪಾಲು ಸಾಕು. ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೆ ಎರಡು ಕಾರಣಗಳಿವೆ. ಇದರಲ್ಲಿರುವ ಸಂಗತಿ ನಮ್ಮ ಕೇರಿಗಷ್ಟೇ ಸಂಬಂಧಿಸಿದ್ದಲ್ಲ. ಮತ್ತು ಅಹವಾಲು ಸಭೆಯಲ್ಲಿ ನಾವು ಆಡಿದ ಮಾತಿಗೆ ಉತ್ತರ ಕೊಡಬೇಕಾದವರು ಯಾರು ಎಂಬುದು ಈತನಕ ನಮಗೆ ಸ್ಪಷ್ಟವಾಗಿಲ್ಲ.

ಯೋಜನೆಯ ಸ್ವರೂಪ ತಮಗೆ ತಿಳಿಯದ್ದೇನಲ್ಲ. ಓದುವ ಉಳಿದವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಘಟ್ಟದ ಮೇಲೆ ಸಾಗರ ತಾಲ್ಲೂಕಿನಲ್ಲಿ ತಲಕಳಲೆ ಸಮತೋಲನ ಜಲಾಶಯವಿದೆ, ಘಟ್ಟದ ಬುಡದಲ್ಲಿ ಗೇರುಸೊಪ್ಪ ಜಲಾಶಯವಿದೆ. ಎರಡರ ನಡುವೆ ನಾನೂರೈವತ್ತು ಮೀಟರಿನಷ್ಟು ಎತ್ತರದ ಅಂತರ. ಈ ನಡುವಿನ ಗುಡ್ಡದೊಳಗೆ ಸುರಂಗ ಕೊರೆದು, ನೆಲದಡಿಯಲ್ಲಿ ತಲಾ 250 ಮೆಗಾವ್ಯಾಟಿನ ಎಂಟು ಘಟಕಗಳನ್ನು ಕೂರಿಸಿ, ವಿದ್ಯುತ್ ಅಗ್ಗವಾಗಿ ಸಿಗುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲೆತ್ತಿ, ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ಪಡೆಯುವುದು ಕರ್ನಾಟಕ ವಿದ್ಯುತ್ ನಿಗಮದ ಪ್ರಸ್ತಾವ. ವೆಚ್ಚ ಹತ್ತು ಸಾವಿರ ಕೋಟಿ ರೂಪಾಯಿಯ ಆಸುಪಾಸು. ಅದಕ್ಕೆ ಬೇಕಾಗುವ ಅರಣ್ಯ ಸುಮಾರು 54 ಹೆಕ್ಟೇರ್. ಉರುಳಲಿರುವ ಮರಗಳು ಸುಮಾರು 15,000 ಎಂಬ ಲೆಕ್ಕ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಈ ಎಲ್ಲ ಕೆಲಸ ನಡೆಯುವ ಜಾಗ ಶರಾವತಿ ಕಣಿವೆ ಸಿಂಗಳೀಕ (ಸಿಂಹಬಾಲದ ಕಪ್ಪು ಮಂಗ) ಅಭಯಾರಣ್ಯ. 2025ರ ಜೂನ್ ತಿಂಗಳಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಇದಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರ್ 16ರಂದು ಕಾರ್ಗಲ್ಲಿನಲ್ಲಿ, 18ರಂದು ಗೇರುಸೊಪ್ಪದಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದವು. ಗುತ್ತಿಗೆಯಂತೂ ಅದಕ್ಕೂ ಮೊದಲೇ ಕೊಟ್ಟಾಗಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಈ ಕ್ರಮವನ್ನು ತಾವು ಗಮನಿಸಬೇಕೆಂದು ಕೋರುತ್ತೇನೆ.

ಯೋಜನೆಯ ಪರವಾಗಿ ಸರ್ಕಾರದ ಕಡೆಯಿಂದ ಪದೇ ಪದೇ ಕೇಳಿಬರುವ ಸಮರ್ಥನೆ ಒಂದೇ. ಹೊಸ ಅಣೆಕಟ್ಟೆ ಕಟ್ಟುತ್ತಿಲ್ಲ, ಹೊಸದಾಗಿ ಏನೂ ಮುಳುಗುವುದಿಲ್ಲ, ಎರಡೂ ಜಲಾಶಯಗಳು ಮೊದಲಿನಿಂದಲೂ ಅಲ್ಲಿಯೇ ಇವೆ, ಆದ್ದರಿಂದ ದೇಶದಲ್ಲೇ ಕಡಿಮೆ ಹಾನಿಯ ಯೋಜನೆ ಇದು ಎಂಬುದು ಆ ವಾದ. ಕೇಳಲು ಸರಿಯೆನಿಸುತ್ತದೆ. ಆದರೆ ಎರಡೂ ಜಲಾಶಯಗಳು ಇಲ್ಲಿಯೇ ಏಕೆ ಇವೆ ಎಂಬ ಪ್ರಶ್ನೆಯನ್ನು ಅದು ದಾಟಿ ಹೋಗುತ್ತದೆ. ಹಿಂದೆ ನಮ್ಮ ಹಿರಿಯರಿಂದ ಪಡೆದುಕೊಂಡಿದ್ದೀರಿ ಎಂಬುದೇ ಈಗ ಮತ್ತೊಮ್ಮೆ ನಮ್ಮಿಂದಲೇ ಪಡೆಯುವುದಕ್ಕೆ ಯೋಗ್ಯತೆಯಾಗಿದೆ. ಒಂದು ಕಣಿವೆ ಒಮ್ಮೆ ವಿದ್ಯುತ್ತಿಗೆ ಒಪ್ಪಿಸಲ್ಪಟ್ಟರೆ ಮುಂದಿನ ಪ್ರತಿ ತಲೆಮಾರಿನ ಯೋಜನೆಗೂ ಅದೇ ಸುಲಭದ ಜಾಗವಾಗಿಬಿಡುತ್ತದೆ ಎನ್ನುವುದಾದರೆ, ಆ ಸರಣಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಯಾರಾದರೂ ಹೇಳಬೇಕು.

ಆ ಸರಣಿಯನ್ನು ನೆನಪಿಸುವುದು ಅನಿವಾರ್ಯ. 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಬಂತು. ಅದರ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ಓಡತೊಡಗಿತು. ಅದು ಸಾಲದೆ 1964ರಲ್ಲಿ ಲಿಂಗನಮಕ್ಕಿ ಸಿದ್ಧವಾಯಿತು, ಹಿರೇಭಾಸ್ಕರವನ್ನೂ ನುಂಗಿಕೊಂಡಿತು. ಬೇಸಿಗೆಯಲ್ಲಿ ಹಿನ್ನೀರು ತೀರ ಇಳಿದ ವರ್ಷಗಳಲ್ಲಿ ಆ ಹಳೆಯ ಅಣೆಕಟ್ಟೆಯ ಸೈಫನ್‌ಗಳು ಮೇಲೆ ಕಾಣಿಸುತ್ತವೆ, ಜನ ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ. 151 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ಲಿಂಗನಮಕ್ಕಿಯ ಕೆಳಗೆ ತಲಕಳಲೆ, ಅಲ್ಲಿಂದ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ, ಅಣೆಕಟ್ಟೆಯ ಬುಡದಲ್ಲೇ 55 ಮೆಗಾವ್ಯಾಟಿನ ಇನ್ನೊಂದು, ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪದಲ್ಲಿ 240 ಮೆಗಾವ್ಯಾಟಿನ ಮತ್ತೊಂದು. ಜೋಗದ ಹಳೆಯ ವಿದ್ಯುದಾಗಾರವನ್ನೂ ಸೇರಿಸಿದರೆ ಒಟ್ಟು ಸುಮಾರು 1,470 ಮೆಗಾವ್ಯಾಟ್. ನೂರಮೂವತ್ತು ಕಿಲೋಮೀಟರಿನಷ್ಟು ಉದ್ದದ ನದಿಯೊಂದು ಇದಕ್ಕಿಂತ ಹೆಚ್ಚು ಕೊಡಬೇಕೆಂದು ಕೇಳುವುದು ಹೇಗೆ? 253 ಮೀಟರ್ ಎತ್ತರದಿಂದ ಧುಮ್ಮಿಕ್ಕಬೇಕಾದ ಜೋಗ ಮಳೆಗಾಲ ಕಳೆದರೆ ಬಂಡೆಯ ಮೇಲಿನ ತೇವವಾಗಿ ಉಳಿಯುತ್ತದೆ. ಅದನ್ನು ನೋಡಲು ಬಂದ ಪ್ರವಾಸಿಗರು ನಿರಾಶರಾಗಿ ಹಿಂದಿರುಗುವುದನ್ನು ಸರ್ಕಾರವೂ ಬಲ್ಲದು.

ಇನ್ನು ಮುಳುಗಡೆಯ ಜನರ ಮಾತು. ಲಿಂಗನಮಕ್ಕಿಯ ನೀರು ಏರಿದಾಗ ಮನೆ, ಗದ್ದೆ, ತೋಟ, ದೇವಸ್ಥಾನ ಬಿಟ್ಟು ಹೊರಟ ಸಾವಿರಾರು ಕುಟುಂಬಗಳಲ್ಲಿ ಅನೇಕರನ್ನು ಲಾರಿಗಳಲ್ಲಿ ತಂದು ಕಾಡಿನಲ್ಲಿ ಇಳಿಸಲಾಯಿತು. ಕಾಡು ಕಡಿದು ಸಾಗುವಳಿ ಮಾಡಿಕೊಳ್ಳಿ ಎಂದವರು ಆ ಭೂಮಿಯನ್ನು ಅರಣ್ಯದ ದಾಖಲೆಯಿಂದ ಕ್ರಮವಾಗಿ ಬಿಡಿಸಿ ಕೊಡಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಆಮೇಲೆ ರಾಜ್ಯ ಸರ್ಕಾರ ಕೇಂದ್ರದ ಒಪ್ಪಿಗೆಯಿಲ್ಲದೆ ಹೊರಡಿಸಿದ ಡಿನೋಟಿಫಿಕೇಶನ್ ಆದೇಶಗಳು, ಅಂದರೆ ಆ ಭೂಮಿಯನ್ನು ಅರಣ್ಯದ ಪಟ್ಟಿಯಿಂದ ಕೈಬಿಡುವ ಆದೇಶಗಳು, ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಹೀಗಾಗಿ ನಾಡಿಗೆ ದೀಪ ಹಚ್ಚಲು ಊರು ಬಿಟ್ಟವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರವಿಲ್ಲದೆ, ಬ್ಯಾಂಕಿನ ಸಾಲವಿಲ್ಲದೆ, ಒತ್ತುವರಿದಾರರೆಂಬ ಹೆಸರು ಹೊತ್ತು ಬದುಕುತ್ತಿದ್ದಾರೆ. ಹಿನ್ನೀರಿನಾಚೆಯ ತುಮರಿ ಭಾಗದ ಜನ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆಗಾಗಿ ಕಾದದ್ದು ಆರು ದಶಕ. ಅದು ಲೋಕಾರ್ಪಣೆಯಾದದ್ದು 2025ರ ಜುಲೈ 14ರಂದು. ಅಲ್ಲಿಯವರೆಗೆ ಹೆರಿಗೆಯ ನೋವಿದ್ದರೂ ಹಾವು ಕಡಿದಿದ್ದರೂ ಹಿನ್ನೀರು ದಾಟಿಸುವ ಲಾಂಚ್‌ನ ವೇಳೆಯೇ ಅವರ ವೇಳೆ.

ಇಲ್ಲಿ ಕಾನೂನಿನ ಬಗ್ಗೆ ನಮಗಿರುವ ಬೇಸರವನ್ನು ಮುಚ್ಚಿಡಲಾರೆ. ಮುಳುಗಡೆ ಸಂತ್ರಸ್ತನೊಬ್ಬ ತಾನು ಅರವತ್ತು ವರ್ಷ ಉತ್ತ ಎರಡೆಕರೆಗೆ ಹಕ್ಕುಪತ್ರ ಕೇಳಿದರೆ ಅರಣ್ಯ ಕಾಯ್ದೆ ಬೆಟ್ಟದಂತೆ ಅಡ್ಡ ನಿಲ್ಲುತ್ತದೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಿಂದ ಒಣಗಿದ ಮರವೊಂದನ್ನು ಮನೆಯ ರಿಪೇರಿಗೆ ತರಬೇಕಾದರೂ ಎಷ್ಟು ಕಾಗದ ತಿರುಗಬೇಕೆಂಬುದು ಇಲ್ಲಿನ ಪ್ರತಿ ತೋಟಿಗನಿಗೂ ಗೊತ್ತು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಕಾಡು ಉಳಿದಿದ್ದರೆ ಅಂಥ ಬಿಗಿಯಿಂದಲೂ ಉಳಿದಿದೆ. ಆದರೆ ಅದೇ ಕಾಡಿನ 54 ಹೆಕ್ಟೇರ್ ಯೋಜನೆಗೆ ಬೇಕಾದಾಗ ಆ ಬಿಗಿ ಸಡಿಲವಾಗುವುದನ್ನು ನೋಡಿದರೆ, ನಿಯಮ ಇರುವುದು ಕಾಡನ್ನು ಕಾಯಲೋ ನಮ್ಮನ್ನು ಕಾಯಲೋ ಎಂದು ಜನ ಕೇಳುತ್ತಾರೆ. ಅವರಿಗೆ ಏನು ಹೇಳಬೇಕೆಂದು ನನಗೆ ತಿಳಿಯದು.

ಹೊಸ ಮುಳುಗಡೆ ಇಲ್ಲ ಎಂಬುದು ನಿಜವಿರಬಹುದು. ನಮ್ಮ ಆತಂಕ ಇರುವುದು ನೀರಿನ ಅಂಚಿನಲ್ಲಲ್ಲ, ಎರಡು ಜಲಾಶಯಗಳ ನಡುವಿನ ಇಳಿಜಾರಿನಲ್ಲಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಕಡಿದಾದ ಗುಡ್ಡಗಳಿವು. ಬಂಡೆಯ ಮೇಲೆ ಜಂಬಿಟ್ಟಿಗೆಯ ಪದರ, ಅದರ ಮೇಲೆ ಸಡಿಲ ಮಣ್ಣು, ಅದನ್ನು ಹಿಡಿದಿಟ್ಟಿರುವುದು ಮರಗಳ ಬೇರು. ಹೊನ್ನಾವರ–ಸಾಗರ ಹೆದ್ದಾರಿಯ ಮಾಲೆಮನೆ ಘಟ್ಟದಲ್ಲಿ ಮಳೆಗಾಲಕ್ಕೆ ಧರೆ ಕುಸಿದು ಬಸ್ಸುಗಳು ಸಾಲುಗಟ್ಟಿ ನಿಲ್ಲುವುದು ಹೊಸ ಸುದ್ದಿಯೇನಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ಮನೆಗಳೂ ತೋಟಗಳೂ ಹೋದವು. ಅಲ್ಲಿ ಯಾರೂ ಸುರಂಗ ಕೊರೆದಿರಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಚಹಾ ಅಂಗಡಿಯ ಕುಟುಂಬವನ್ನೂ, ನಿಂತಿದ್ದ ಲಾರಿಗಳನ್ನೂ ಗಂಗಾವಳಿಗೆ ತಳ್ಳಿತು. ಗಂಗಾವಳಿಯ ತಳದಿಂದ ಲಾರಿ ಮೇಲೆತ್ತಲು ಸೆಪ್ಟೆಂಬರ್ ತನಕ ಕಾಯಬೇಕಾಯಿತು. ನಮ್ಮದೇ ಜಿಲ್ಲೆಯ ಈ ಎರಡು ಜಾಗಗಳನ್ನು ನೋಡಿದ ಮೇಲೂ, ಇಂಥದ್ದೇ ಇಳಿಜಾರಿನ ಹೊಟ್ಟೆಯೊಳಗೆ ಬಂಡೆ ಸ್ಫೋಟಿಸಿ ಎಂಟು ಭಾರಿ ಯಂತ್ರಗಳು ಕೂರುವಷ್ಟು ದೊಡ್ಡ ಗುಹೆ ತೆಗೆಯುತ್ತೇವೆ, ಭಾರಿ ವಾಹನಗಳು ಓಡಾಡುವಷ್ಟು ರಸ್ತೆ ಅಗಲಿಸುತ್ತೇವೆ, ಅಗೆದ ಕಲ್ಲುಮಣ್ಣನ್ನು ಇಲ್ಲೇ ಎಲ್ಲಾದರೂ ರಾಶಿ ಹಾಕುತ್ತೇವೆ ಎನ್ನುವುದಾದರೆ, ಮೊದಲ ದೊಡ್ಡ ಮಳೆಗೆ ಆ ರಾಶಿ ಎಲ್ಲಿ ಹೋಗುತ್ತದೆಂದು ಕೇಳುವ ಹಕ್ಕು ಕೆಳಗಿನ ಊರುಗಳಿಗೆ ಇದೆ.

ನಮ್ಮ ಭಾಗದ ಮನೆಗಳಿಗೆ ನೀರು ಬರುವ ಬಗೆಯನ್ನು ಬೆಂಗಳೂರಿನಲ್ಲಿ ಕುಳಿತವರು ಊಹಿಸಲಾರರು. ಬಾವಿ ತೋಡುವ ರೂಢಿ ಕಡಿಮೆ. ಮನೆಯ ಮೇಲಿನ ಗುಡ್ಡದಲ್ಲಿ ಎಲ್ಲೋ ಒಂದು ಒರತೆ. ಅದಕ್ಕೆ ಕಲ್ಲು ಕಟ್ಟಿ ಸಣ್ಣ ಗುಂಡಿ ಮಾಡಿ, ಹಿಂದೆ ಅಡಿಕೆ ದಬ್ಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ ಕೆಳಗೆ ತರುತ್ತೇವೆ. ಪಂಪಿಲ್ಲ, ಮೀಟರಿಲ್ಲ, ಬಚ್ಚಲಿನ ತೊಟ್ಟಿಗೆ ಹಗಲೂ ರಾತ್ರಿ ಬೀಳುತ್ತಿರುತ್ತದೆ. ಉಕ್ಕಿ ಹರಿದದ್ದು ತೋಟದ ಕಾಲುವೆಗೆ. ಮಳೆಗಾಲದಲ್ಲಿ ಎಲೆ ಕಟ್ಟಿಕೊಂಡು ನೀರು ನಿಂತರೆ ಕತ್ತಿ ಹಿಡಿದು ಗುಡ್ಡ ಹತ್ತಿ, ಜಿಗಣೆ ಹತ್ತಿಸಿಕೊಂಡು, ಪೈಪಿನ ಬಾಯಿ ಬಿಡಿಸಿ ಬರಬೇಕು. ಅಷ್ಟೇ ಅದರ ಖರ್ಚು. ಈ ಒರತೆಗಳಿಗೆ ನೀರು ಬರುವುದು ಬಂಡೆಯ ಬಿರುಕುಗಳಿಂದ. ಸುರಂಗ ಆ ಬಿರುಕನ್ನು ಕೆಳಗಿನಿಂದ ಕತ್ತರಿಸಿದರೆ ನೀರು ಸುರಂಗಕ್ಕೆ ಇಳಿಯುತ್ತದೆ, ಒರತೆ ಬತ್ತುತ್ತದೆ. ಒಮ್ಮೆ ಬತ್ತಿದ್ದನ್ನು ಮತ್ತೆ ತರಿಸುವ ವಿದ್ಯೆ ಯಾವ ಎಂಜಿನಿಯರ್ ಬಳಿಯೂ ಇಲ್ಲ. ಸುರಂಗದ ಹಾದಿಯ ಮೇಲೆ ಎಷ್ಟು ಒರತೆಗಳಿವೆ, ಎಷ್ಟು ಮನೆಗಳು ಅವನ್ನು ನಂಬಿವೆ, ಬೇಸಿಗೆಯ ಕೊನೆಯಲ್ಲಿ ಪ್ರತಿಯೊಂದರಲ್ಲಿ ಎಷ್ಟು ನೀರಿರುತ್ತದೆ ಎಂಬುದನ್ನು ಮನೆಮನೆಗೆ ಬಂದು ಲೆಕ್ಕ ಹಾಕಿದ ಪಟ್ಟಿ ಇದ್ದರೆ ಅದನ್ನು ದಯವಿಟ್ಟು ಪ್ರಕಟಿಸಿ. ಅಂಥ ಲೆಕ್ಕಕ್ಕೆಂದು ನಮ್ಮ ಮನೆಗೆ ಯಾರೂ ಬಂದಿಲ್ಲ.

ಗೇರುಸೊಪ್ಪದಿಂದ ಕೆಳಗಿನವರ ಚಿಂತೆ ಬೇರೆ. ಹೊನ್ನಾವರದ ಅಳಿವೆಯಲ್ಲಿ ಸಿಹಿನೀರು–ಉಪ್ಪುನೀರು ಕೂಡುವ ಹದದ ಮೇಲೆ ಮೀನು, ಚಿಪ್ಪು, ಕುದ್ರುಗಳ (ಹೊಳೆಯ ನಡುಗಡ್ಡೆಗಳ) ತೆಂಗು, ದಡದ ಬಾವಿಗಳು ನಿಂತಿವೆ. ಹೊಳೆಯಲ್ಲಿ ನೀರು ಯಾವ ಹೊತ್ತಿಗೆ, ಎಷ್ಟು ಬರುತ್ತದೆಂಬುದು ಈಗಾಗಲೇ ವಿದ್ಯುತ್ತಿನ ಬೇಡಿಕೆಯ ಮೇಲೆ ನಿಂತಿದೆ. ಮೀನುಗಾರರು ಕೇಳುತ್ತಿರುವುದು ಬೇಸಿಗೆಯಲ್ಲಿ ತಮ್ಮ ಪಾಲಿನ ಹರಿವು ಕಡಿಮೆಯಾಗುವುದಿಲ್ಲ ಎಂಬ ಲಿಖಿತ ಖಾತರಿಯನ್ನು. ಬಾಯಿಮಾತಿನ ಭರವಸೆಗಳನ್ನು ಈ ಹೊಳೆಯ ದಡದಲ್ಲಿ ಬಹಳ ಕೇಳಿದ್ದೇವೆ.

ಸಿಂಗಳೀಕದ ಮಾತನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ, ಏಕೆಂದರೆ ಮಂಗನಿಗಾಗಿ ನಾಡಿನ ಅಭಿವೃದ್ಧಿ ನಿಲ್ಲಿಸಬೇಕೇ ಎಂಬ ಕುಹಕ ತಕ್ಷಣ ಬರುತ್ತದೆ. ಅಡಿಕೆ ಬೆಳೆಗಾರನಾಗಿ ನನಗೆ ಮಂಗಗಳ ಬಗ್ಗೆ ವಿಶೇಷ ಪ್ರೀತಿಯೇನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಬಾಳೆಗೊನೆ, ಏಲಕ್ಕಿ, ಎಳೆ ಅಡಿಕೆ ಎಷ್ಟೋ ಅವುಗಳ ಪಾಲಾಗಿವೆ. ಆದರೆ ಅದು ಕೆಂಪು ಮೂತಿಯ ಸಾಮಾನ್ಯ ಮಂಗದ ಕಥೆ. ಸಿಂಗಳೀಕ ದಟ್ಟ ಕಾಡಿನ ಪ್ರಾಣಿ, ನೆಲಕ್ಕೆ ಇಳಿಯುವುದೇ ಅಪರೂಪ. ಘಟ್ಟದ ರಸ್ತೆಯ ಎರಡೂ ಬದಿಯ ಮರಗಳ ಕೊಂಬೆಗಳು ಮೇಲೆ ಕೂಡಿಕೊಂಡಿರುವ ಕಡೆ, ಕೆಳಗೆ ಬಸ್ಸು ಹೋಗುತ್ತಿರುವಾಗಲೇ ಒಂದರ ಹಿಂದೊಂದು ಹಾರಿ ದಾಟುತ್ತದೆ, ಮರಿ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಕೊಂಬೆಗಳು ಕೂಡದ ಕಡೆ ಅಂಚಿನ ಮರದಲ್ಲಿ ಕುಳಿತು ಆಚೆ ನೋಡಿ ಹಿಂದಕ್ಕೆ ಹೋಗುತ್ತದೆ. ರಸ್ತೆ ಅಗಲಿಸಿ ಆ ಛಾವಣಿ ಹರಿದರೆ ಒಂದು ಗುಂಪು ಇನ್ನೊಂದರಿಂದ ಶಾಶ್ವತವಾಗಿ ದೂರವಾಗುತ್ತದೆ. ಒಂದೇ ಮರಿ ಹಾಕುವ, ಅದೂ ಎರಡು ಮೂರು ವರ್ಷಕ್ಕೊಮ್ಮೆ ಹಾಕುವ ಪ್ರಾಣಿಗೆ ಆ ನಷ್ಟ ತುಂಬಿಕೊಳ್ಳುವುದು ಬಲು ಕಷ್ಟ. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಜೀವಿ ಈ ಕಣಿವೆಯ ಸುತ್ತ ಸುಮಾರು ಏಳುನೂರು ಉಳಿದಿವೆ. ಕತ್ತಲೆಕಾನಿನ ಸುತ್ತಲಿನ ರಾಮಪತ್ರೆ ಜಡ್ಡಿಗಳೂ ಇದೇ ಕಾಡಿನ ಆಸ್ತಿ. ವರ್ಷವಿಡೀ ನೀರು ನಿಲ್ಲುವ ಆ ಕೆಸರಿನಲ್ಲಿ ಬೇರನ್ನು ಮೇಲೆತ್ತಿ ಬೆಳೆಯುವ ಮರಗಳನ್ನು ನರ್ಸರಿಯಲ್ಲಿ ಸಸಿ ಮಾಡಿ ಬೇರೆ ತಾಲ್ಲೂಕಿನ ಬೋಳುಗುಡ್ಡದಲ್ಲಿ ನೆಟ್ಟು ಬದಲಿ ಅರಣ್ಯವೆಂದು ಲೆಕ್ಕ ಒಪ್ಪಿಸಲಾಗದು.

ಮತ್ತು ಈ ಅಭಯಾರಣ್ಯವನ್ನು ಹಿಗ್ಗಿಸಿದ್ದು ನಾವಲ್ಲ. 1972ರಲ್ಲಿ 431 ಚದರ ಕಿಲೋಮೀಟರ್ ಇದ್ದದ್ದನ್ನು 2019ರಲ್ಲಿ 930 ಚದರ ಕಿಲೋಮೀಟರಿಗೆ ವಿಸ್ತರಿಸಿ, ಸಿಂಗಳೀಕದ ಹೆಸರನ್ನೇ ಅದಕ್ಕೆ ಇಟ್ಟದ್ದು ರಾಜ್ಯ ಸರ್ಕಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮು ಅಭಯಾರಣ್ಯದೊಳಗೆ ಪ್ರಾಣಿಗಳ ನೆಲೆಯನ್ನು ಹಾಳುಮಾಡುವುದನ್ನು, ನೀರಿನ ಹರಿವನ್ನು ಬದಲಿಸುವುದನ್ನು ತಡೆಯುತ್ತದೆ. ವನ್ಯಜೀವಿಗಳ ಒಳಿತಿಗೆ ಮತ್ತು ಅವುಗಳ ಉತ್ತಮ ನಿರ್ವಹಣೆಗೆ ಅದು ಅಗತ್ಯವೆಂದು ಸರ್ಕಾರಕ್ಕೆ ಮನವರಿಕೆಯಾದರೆ ಮಾತ್ರ ಪರವಾನಗಿ ಎನ್ನುತ್ತದೆ. ಭೂಗತ ವಿದ್ಯುದಾಗಾರದಿಂದ ಸಿಂಗಳೀಕಕ್ಕೆ ಆಗುವ ಒಳಿತು ಯಾವುದು ಎಂಬುದನ್ನು ತಮ್ಮ ಸರ್ಕಾರ ಯಾವ ಮಾತಿನಲ್ಲಿ ಬರೆದಿದೆ ಎಂದು ತಿಳಿಯುವ ಕುತೂಹಲ ನಮಗಿದೆ.

ಈಗ ವಿದ್ಯುತ್ತಿನ ಲೆಕ್ಕಕ್ಕೆ ಬರುತ್ತೇನೆ. ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವ್ಯಾಟ್ ದಾಟಿದೆ, ಹಗಲಿನ ಸೌರವಿದ್ಯುತ್ತನ್ನು ಸಂಜೆಗೆ ಉಳಿಸಿಡುವ ವ್ಯವಸ್ಥೆ ಬೇಕು, ಕಲ್ಲಿದ್ದಲು ಕಡಿಮೆಯಾಗಬೇಕು. ಇದನ್ನೆಲ್ಲ ನಾವು ಒಪ್ಪುತ್ತೇವೆ. ವಿದ್ಯುತ್ ಬೇಡವೆನ್ನುವ ಮೂರ್ಖರು ನಾವಲ್ಲ. (ಇಷ್ಟೊಂದು ವಿದ್ಯುದಾಗಾರಗಳ ಮಗ್ಗುಲಲ್ಲಿದ್ದೂ ಆಷಾಢದ ಗಾಳಿಗೆ ತಂತಿಯ ಮೇಲೆ ಮರ ಬಿದ್ದರೆ ಮೂರು ನಾಲ್ಕು ದಿನ ಕತ್ತಲೆಯಲ್ಲಿ ಕೂರುವ ನಮಗೆ ವಿದ್ಯುತ್ತಿನ ಬೆಲೆ ಚೆನ್ನಾಗಿಯೇ ಗೊತ್ತು.) ಆದರೆ ಈ ಯೋಜನೆ ವಿದ್ಯುತ್ತನ್ನು ಹೊಸದಾಗಿ ಉತ್ಪಾದಿಸುವುದಿಲ್ಲ. ಇಂಥ ಯೋಜನೆಗಳಲ್ಲಿ ನೀರೆತ್ತಲು ಖರ್ಚಾದ ಪ್ರತಿ ನೂರು ಯೂನಿಟ್‌ನಲ್ಲಿ ಮರಳಿ ಸಿಗುವುದು ಎಪ್ಪತ್ತೈದರಿಂದ ಎಂಬತ್ತು. ದಿನಕ್ಕೆ ಆರು ತಾಸು ಪೂರ್ಣ ಸಾಮರ್ಥ್ಯದಲ್ಲಿ ಓಡಿ 1.2 ಕೋಟಿ ಯೂನಿಟ್ ಕೊಡಬೇಕಾದರೆ ಒಂದೂವರೆ ಕೋಟಿ ಯೂನಿಟ್ ಮೊದಲು ಸುರಿಯಬೇಕು. ಸಂಗ್ರಹಣೆಯಲ್ಲಿ ನಷ್ಟ ಇದ್ದದ್ದೇ, ಬ್ಯಾಟರಿಯಲ್ಲೂ ಇದೆ, ಅದಕ್ಕಾಗಿ ಆಕ್ಷೇಪವಿಲ್ಲ. ಆಕ್ಷೇಪ ಇರುವುದು ಜಾಗದ ಆಯ್ಕೆಗೆ. ಜಲಾಶಯ, ಬಂಡೆ, ಎತ್ತರ ಇಲ್ಲಿವೆ ಎಂಬುದನ್ನು ಬಿಟ್ಟರೆ ಉಳಿದದ್ದೆಲ್ಲ ಬೇರೆಡೆ ಇದೆ. 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇರುವುದು ತುಮಕೂರು ಜಿಲ್ಲೆಯ ಪಾವಗಡದಲ್ಲಿ. ಗಾಳಿಯಂತ್ರಗಳಿರುವುದು ಚಿತ್ರದುರ್ಗ, ಗದಗ, ವಿಜಯನಗರದ ಕಡೆ. ಬೇಡಿಕೆ ಹೆಚ್ಚಿರುವುದು ಬೆಂಗಳೂರಿನಲ್ಲಿ. ಬಯಲುಸೀಮೆಯ ಬಿಸಿಲನ್ನು ತಂತಿಯಲ್ಲಿ ಘಟ್ಟಕ್ಕೆ ತಂದು, ಅಲ್ಲಿ ನೀರೆತ್ತಿ ಇಳಿಸಿ, ಮತ್ತೆ ತಂತಿಯಲ್ಲಿ ಬಯಲಿಗೆ ಒಯ್ಯಬೇಕು. ಆ 400 ಕೆವಿ ತಂತಿಮಾರ್ಗಕ್ಕೆ ಕಡಿಯುವ ಕಾಡು 54 ಹೆಕ್ಟೇರಿನ ಒಳಗಿದೆಯೋ ಹೊರಗಿದೆಯೋ ಎಂದು ಸ್ಪಷ್ಟಪಡಿಸಬೇಕು. ಕಾಡಿನ ಪಾಲಿಗೆ ಎರಡೂ ಒಂದೇ ಕೊಡಲಿ.

ಬೇರೆ ದಾರಿಗಳಿಲ್ಲವೇ? ಆಂಧ್ರದ ಕರ್ನೂಲು ಭಾಗದ ಪಿನ್ನಾಪುರಂನಲ್ಲಿ, ಬಯಲುಸೀಮೆಯ ಗುಡ್ಡಗಳ ನಡುವೆ, 1,680 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ತಲೆಯೆತ್ತಿದೆ. ನಮ್ಮದೇ ರಾಜ್ಯದಲ್ಲಿ ಸವದತ್ತಿಯ ಕಡೆಗೂ ಇಂಥ ಪ್ರಸ್ತಾವವಿದೆ. ಮಳೆಕಾಡಿನ ಅಭಯಾರಣ್ಯವೇ ಬೇಕೆಂಬ ಹಟ ಪಂಪ್ಡ್ ಸ್ಟೋರೇಜ್ ತಂತ್ರಜ್ಞಾನಕ್ಕೆ ಇಲ್ಲ ಎಂಬುದಕ್ಕೆ ಇಷ್ಟು ಸಾಕು. ಬ್ಯಾಟರಿ ಸಂಗ್ರಹಣೆಯ ದರ ದೇಶದ ಟೆಂಡರುಗಳಲ್ಲಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅದನ್ನು ಪಾವಗಡದ ಬೇಲಿಯೊಳಗೇ ಕೂರಿಸಬಹುದು, ಮರ ಕಡಿಯಬೇಕಿಲ್ಲ. ಕೃಷಿ ಪಂಪ್‌ಸೆಟ್ಟುಗಳನ್ನು ಕೇಂದ್ರದ ಕುಸುಮ್ ಯೋಜನೆಯಡಿ ಸೌರ ಫೀಡರುಗಳಿಗೆ ಜೋಡಿಸಿ ಹಗಲಿನಲ್ಲೇ ಓಡಿಸಿದರೆ ಹಗಲಿನ ವಿದ್ಯುತ್ತನ್ನು ಸಂಗ್ರಹಿಸಿಡುವ ಅಗತ್ಯವೇ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಶರಾವತಿಯಲ್ಲಿ ಈಗಾಗಲೇ ಇರುವ 1,035 ಮೆಗಾವ್ಯಾಟಿನ ಘಟಕಗಳನ್ನು ಬಿಸಿಲಿರುವಾಗ ನಿಲ್ಲಿಸಿ ಸಂಜೆ ಓಡಿಸಿದರೆ ಅದೂ ಸಂಗ್ರಹಣೆಯೇ. ಲಿಂಗನಮಕ್ಕಿಯೇ ಈ ರಾಜ್ಯದ ಅತಿದೊಡ್ಡ ಬ್ಯಾಟರಿ. ಅದನ್ನು ಈ ರೀತಿಯಲ್ಲಿ ಇನ್ನೆಷ್ಟು ಬಳಸಿಕೊಳ್ಳಬಹುದು, ಅದರಿಂದ ಹೊಸ ಯೋಜನೆಯ ಎಷ್ಟು ಭಾಗ ಅನಗತ್ಯವಾಗುತ್ತದೆ ಎಂಬ ಅಧ್ಯಯನ ಆಗಿದ್ದರೆ ಅದನ್ನು ಜನರ ಮುಂದಿಡಿ. ಆಗಿಲ್ಲದಿದ್ದರೆ ಹತ್ತು ಸಾವಿರ ಕೋಟಿಗೆ ಸಹಿ ಬೀಳುವ ಮೊದಲು ಅದು ಆಗಬೇಕಿತ್ತು.

ಅಹವಾಲು ಸಭೆಯ ಬಗ್ಗೆಯೂ ಒಂದೆರಡು ಮಾತು. ಗೇರುಸೊಪ್ಪದ ಸಭೆಗೆ ಬಂದವರಲ್ಲಿ ತೋಟಿಗರಿದ್ದರು, ಅಳಿವೆಯ ಮೀನುಗಾರರಿದ್ದರು, ಕಾಲೇಜಿನ ಹುಡುಗ ಹುಡುಗಿಯರಿದ್ದರು, ಜೀವಮಾನದಲ್ಲಿ ಮೈಕಿನ ಮುಂದೆ ನಿಲ್ಲದ ಹೆಂಗಸರಿದ್ದರು. ಮಾತಾಡಿದವರಲ್ಲಿ ಬಹುಪಾಲು ಜನ ಯೋಜನೆ ಬೇಡವೆಂದರು. ಕಾಗದ ಹಿಡಿದು ಓದಿದವರೂ ಇದ್ದರು, ಎರಡೇ ಮಾತು ಆಡಿ ಕೈಮುಗಿದು ಇಳಿದವರೂ ಇದ್ದರು. ನಿಯಮದ ಪ್ರಕಾರ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ನೂರಾರು ಪುಟಗಳ ಮೂಲ ವರದಿ ಇಂಗ್ಲಿಷಿನಲ್ಲಿರುತ್ತದೆ. ಗುಡ್ಡದ ಶಿಲೆಯ ಸ್ಥಿತಿ, ಸ್ಫೋಟದ ಕಂಪನ, ಮಣ್ಣು ಸುರಿಯುವ ಜಾಗ, ಅಂತರ್ಜಲ ಇವೆಲ್ಲ ಇರುವುದು ಆ ಮೂಲದಲ್ಲಿ. ನಮ್ಮ ಮನೆಯ ಕೆಳಗೆ ಏನಾಗುತ್ತದೆ ಎಂಬುದನ್ನು ನಾವು ಓದಲಾರದ ಭಾಷೆಯಲ್ಲಿ ಬರೆದು, ನಮ್ಮ ಅಭಿಪ್ರಾಯವನ್ನು ಕನ್ನಡದಲ್ಲಿ ಕೇಳುವುದು ಕರ್ನಾಟಕ ಸರ್ಕಾರಕ್ಕೆ ಶೋಭಿಸದು. ಹದಿನಾರನೆಯ ಶತಮಾನದಲ್ಲಿ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ ಊರಿದು; ನಗರಬಸ್ತಿಕೇರಿಯ ಚತುರ್ಮುಖ ಬಸದಿ ಇಂದಿಗೂ ಕಾಡಿನ ನಡುವೆ ನಿಂತಿದೆ. ಸ್ಫೋಟದ ಕಂಪನ ಆ ಕಲ್ಲುಕಟ್ಟಡವನ್ನು ಮುಟ್ಟುತ್ತದೆಯೇ ಎಂಬ ಪ್ರಶ್ನೆಗೂ ಕನ್ನಡದಲ್ಲೇ ಉತ್ತರ ಬೇಕು.

ಅಹವಾಲು ಕೇಳುವ ಸಭೆಗೆ ಯೋಜನೆಯನ್ನು ಬೇಡವೆನ್ನುವ ಅಧಿಕಾರ ಇಲ್ಲವೆಂದು ನಮಗೆ ಗೊತ್ತು. ನಡಾವಳಿ ದೆಹಲಿಗೆ ಹೋಗುತ್ತದೆ, ಅಲ್ಲಿನ ತಜ್ಞರ ಸಮಿತಿ ನೋಡುತ್ತದೆ. ಆದರೆ ಅರ್ಜಿದಾರರು ತಾವು. ನಿಗಮ ತಮ್ಮ ಸರ್ಕಾರದ್ದು. ಕೇಂದ್ರ ಅನುಮತಿ ಕೊಡಲಿ ಬಿಡಲಿ, ಕೇಳುವುದನ್ನು ನಿಲ್ಲಿಸುವ ಅಧಿಕಾರ ತಮ್ಮ ಮೇಜಿನ ಮೇಲೆಯೇ ಇದೆ. ಇದಕ್ಕೆ ಪೂರ್ವ ನಿದರ್ಶನವೂ ಇದೇ ಜಿಲ್ಲೆಯಲ್ಲಿ ಸಿಗುತ್ತದೆ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಇಲ್ಲಿನ ಅಡಿಕೆ ಬೆಳೆಗಾರರು 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಸರ್ಕಾರದ ಎಂಜಿನಿಯರುಗಳನ್ನೂ ಒಂದೇ ಸಭೆಯಲ್ಲಿ ಕೂರಿಸಿ ಲಾಭನಷ್ಟದ ಲೆಕ್ಕವನ್ನು ಬಿಡಿಸಿ ನೋಡಿದರು. ಆ ಯೋಜನೆಯನ್ನು ಸರ್ಕಾರ ಕೈಬಿಟ್ಟಿತು. ಅದರಿಂದ ಕರ್ನಾಟಕವೇನೂ ಕತ್ತಲಾಗಲಿಲ್ಲ.

ಆದ್ದರಿಂದ ತಮ್ಮಲ್ಲಿ ನಮ್ಮ ಪ್ರಾರ್ಥನೆ ಇಷ್ಟು. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗಾಗಿ ಕೇಂದ್ರದ ಮುಂದಿಟ್ಟಿರುವ ಅರಣ್ಯ ಹಾಗೂ ಪರಿಸರ ಅನುಮತಿಯ ಅರ್ಜಿಗಳನ್ನು ರಾಜ್ಯ ಸರ್ಕಾರ ಹಿಂಪಡೆಯಬೇಕು. ಅದಕ್ಕೆ ಸಮಯ ಬೇಕೆನ್ನುವುದಾದರೆ, ಕನಿಷ್ಠ ಅಲ್ಲಿಯವರೆಗೆ ಅಭಯಾರಣ್ಯದೊಳಗೆ ಒಂದು ಮರವನ್ನೂ ಕಡಿಯದಂತೆ, ರಸ್ತೆಯ ಒಂದು ಅಡಿಯನ್ನೂ ಅಗಲಿಸದಂತೆ ಲಿಖಿತ ಆದೇಶ ಹೊರಡಿಸಬೇಕು. ಪರಿಸರ ಪರಿಣಾಮ ವರದಿಯನ್ನು, ಅದರ ಭೂಗರ್ಭ ಸಮೀಕ್ಷೆಯ ಅನುಬಂಧಗಳ ಸಹಿತ, ಪೂರ್ತಿಯಾಗಿ ಕನ್ನಡದಲ್ಲಿ ಮುದ್ರಿಸಿ ಸಾಗರ, ಸಿದ್ದಾಪುರ, ಹೊನ್ನಾವರ ತಾಲ್ಲೂಕುಗಳ ಸಂಬಂಧಪಟ್ಟ ಗ್ರಾಮ ಪಂಚಾಯಿತಿಗಳಲ್ಲಿ ಇಡಬೇಕು, ಮತ್ತು ಅರಣ್ಯ ಹಕ್ಕು ಕಾಯ್ದೆ ಹೇಳುವಂತೆ ಗ್ರಾಮಸಭೆಗಳ ಅಭಿಪ್ರಾಯವನ್ನು ನಿಜವಾದ ಗ್ರಾಮಸಭೆಗಳಲ್ಲಿ ಪಡೆಯಬೇಕು. ಸೆಪ್ಟೆಂಬರಿನ ಸಭೆಗಳಲ್ಲಿ ಎತ್ತಿದ ಪ್ರತಿ ಆಕ್ಷೇಪಕ್ಕೂ ನಿಗಮ ಕೊಟ್ಟ ಉತ್ತರವನ್ನು ಸಾರ್ವಜನಿಕಗೊಳಿಸಬೇಕು. ಬಯಲುಸೀಮೆಯ ಜಾಗಗಳು, ಬ್ಯಾಟರಿ, ಹಾಲಿ ಜಲವಿದ್ಯುತ್ ಘಟಕಗಳ ಮರುಹೊಂದಾಣಿಕೆ ಇವೆಲ್ಲವನ್ನೂ ಈ ಯೋಜನೆಯ ಪಕ್ಕದಲ್ಲಿಟ್ಟು, ಕಾಡಿನ ಬೆಲೆಯನ್ನೂ ಸೇರಿಸಿ ತೂಗುವ ಸ್ವತಂತ್ರ ಅಧ್ಯಯನವನ್ನು ನಿಗಮಕ್ಕಾಗಲಿ ಗುತ್ತಿಗೆದಾರರಿಗಾಗಲಿ ಸಂಬಂಧವಿಲ್ಲದ ಸಂಸ್ಥೆಯಿಂದ ಮಾಡಿಸಬೇಕು.

ಲಿಂಗನಮಕ್ಕಿಯ ಸಂತ್ರಸ್ತರ ಹಕ್ಕುಪತ್ರದ ವಿಷಯವನ್ನು ಈ ಯೋಜನೆಯೊಂದಿಗೆ ತಳಕು ಹಾಕಿ ಚೌಕಾಸಿಗೆ ಇಡಬಾರದೆಂದು ಪ್ರತ್ಯೇಕವಾಗಿ ಕೋರುತ್ತೇನೆ. ಅದು ಯೋಜನೆ ಬಂದರೂ ಬಾರದಿದ್ದರೂ ಸರ್ಕಾರ ತೀರಿಸಬೇಕಾದ ಹಳೆಯ ಬಾಕಿ. ಅದಕ್ಕೆ ಬೇಕಾದ ಕೇಂದ್ರದ ಅನುಮತಿಯನ್ನು, ಈ ಯೋಜನೆಗಾಗಿ ತೋರಿದ ಅರ್ಧದಷ್ಟು ಆಸ್ಥೆಯಿಂದ ಕೇಳಿದರೂ ಸಾಕು.

ಈ ಪತ್ರಕ್ಕೆ ತಮ್ಮ ಕಚೇರಿಯಿಂದ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇವೆ. ತಾವಾಗಲಿ ಇಂಧನ ಸಚಿವರಾಗಲಿ ಗೇರುಸೊಪ್ಪಕ್ಕೆ ಬರುವುದಾದರೆ ಜೂನ್ ಅಥವಾ ಜುಲೈನಲ್ಲಿ ಬರಬೇಕೆಂದು ವಿನಂತಿ. ಸುರಂಗದ ಬಾಯಿ ತೆಗೆಯಲು ಗುರುತಿಸಿರುವ ಇಳಿಜಾರನ್ನು ಮಳೆಯಲ್ಲಿ ನಿಂತು ನೋಡಿದರೆ ನಾವು ಹೇಳಬೇಕಾದ ಅರ್ಧ ಮಾತನ್ನು ಹೇಳುವ ಅಗತ್ಯವೇ ಬೀಳುವುದಿಲ್ಲ.

ತಮ್ಮ ವಿಶ್ವಾಸಿ,
ಶರಾವತಿ ಕಣಿವೆಯ ಒಬ್ಬ ಕೃಷಿಕ,
ಗೇರುಸೊಪ್ಪ ಸಮೀಪ, ಹೊನ್ನಾವರ ತಾಲ್ಲೂಕು, ಉತ್ತರ ಕನ್ನಡ.